ಪರೀಕ್ಷೆಗೆ ಕರೆಯುವವರು ಯಾರು?

1994ರಿಂದ 2000ದವರೆಗೆ ಅಮೆರಿಕದ ಆರು ಮಹಾನಗರ ಪ್ರದೇಶಗಳಲ್ಲಿ ಒಂದು ಸಮೀಕ್ಷೆ ನಡೆಯಿತು. ಬಾಲ್ಟಿಮೋರ್, ಡಾಲಸ್, ಲಾಸ್ ಏಂಜಲೀಸ್, ಮಯಾಮಿ, ನ್ಯೂಯಾರ್ಕ್, ಸಿಯಾಟಲ್. ಗಂಡಸರೊಡನೆ ಲೈಂಗಿಕ ಸಂಬಂಧವಿರುವ 15ರಿಂದ 29 ವರ್ಷದ ಯುವಕರು ಎಲ್ಲೆಲ್ಲಿ ಸೇರುತ್ತಾರೋ ಅಲ್ಲಿಗೇ ಸಮೀಕ್ಷೆಯವರು ಹೋದರು. ಬಾರುಗಳು, ಡಾನ್ಸ್ ಕ್ಲಬ್ಬುಗಳು, ಬೀದಿಮೂಲೆಗಳಲ್ಲಿ ಅವರನ್ನು ಮಾತಾಡಿಸಿ, ಪ್ರಶ್ನೆ ಕೇಳಿ, ಒಪ್ಪಿದವರ ರಕ್ತ ಪರೀಕ್ಷಿಸಿದರು. ಹೀಗೆ ಪರೀಕ್ಷೆಗೆ ಒಳಗಾದವರು 5,649 ಮಂದಿ. ಅವರಲ್ಲಿ 573 ಮಂದಿಗೆ ಎಚ್‌ಐವಿ ಸೋಂಕಿತ್ತು. ಆ 573 ಮಂದಿಯಲ್ಲಿ ಶೇ 77ರಷ್ಟು ಜನಕ್ಕೆ ತಮಗೆ ಸೋಂಕಿರುವುದೇ ಗೊತ್ತಿರಲಿಲ್ಲ. ಸೋಂಕಿತರಾದ ಬಿಳಿಯ ಯುವಕರಲ್ಲಿ ಹೀಗೆ ತಿಳಿಯದೆ ಇದ್ದವರು ಶೇ 60, ಲ್ಯಾಟಿನೊ ಯುವಕರಲ್ಲಿ ಶೇ 69, ಕಪ್ಪು ಯುವಕರಲ್ಲಿ ಶೇ 91.

ಹತ್ತರಲ್ಲಿ ಒಂಬತ್ತು ಮಂದಿ. ಅಷ್ಟು ಹೊತ್ತಿಗೆ ಎಚ್‌ಐವಿ ಪರೀಕ್ಷೆ ಬಂದು ಹತ್ತು ಹದಿನೈದು ವರ್ಷವಾಗಿತ್ತು. 1996ರಿಂದ ಪರಿಣಾಮಕಾರಿಯಾದ ಔಷಧಿಗಳೂ ಸಿಗುತ್ತಿದ್ದವು. ಇನ್ನೂ ನೋವಿನ ಸಂಗತಿಯೆಂದರೆ, ಈ ಯುವಕರು ಪರೀಕ್ಷೆಯ ಹೆಸರೇ ಕೇಳದವರಾಗಿರಲಿಲ್ಲ. ಹಲವರು ಹಿಂದೊಮ್ಮೆ ಪರೀಕ್ಷೆ ಮಾಡಿಸಿಕೊಂಡು, ನೆಗೆಟಿವ್ ಎಂಬ ಉತ್ತರ ಪಡೆದು, ಅಲ್ಲಿಗೆ ಸುಮ್ಮನಾದವರು. ನನಗೇನೂ ಆಗಿರಲಾರದು ಎಂದು ಮನಸಾರೆ ನಂಬಿದ್ದವರು. ತಿಳಿವಳಿಕೆ ಕೊಟ್ಟುಬಿಟ್ಟರೆ ಸಾಕು, ಜನ ತಾವಾಗಿಯೇ ಪರೀಕ್ಷೆಗೆ ಬರುತ್ತಾರೆ ಎಂಬ ಲೆಕ್ಕಾಚಾರ ಇಲ್ಲಿ ತಪ್ಪಿತ್ತು. ಅಮೆರಿಕದ ಕಪ್ಪು ಮತ್ತು ಲ್ಯಾಟಿನೊ ಗೇ ಯುವಕರನ್ನು ಪರೀಕ್ಷೆಗೆ ಕರೆತರಲು ಮೂವತ್ತು ವರ್ಷಗಳಿಂದ ನಡೆದಿರುವ ಪ್ರಯತ್ನಗಳನ್ನು ಓದುತ್ತ ಹೋದರೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಕರೆಯುತ್ತಿರುವವರು ಯಾರು? ಫಲಿತಾಂಶ ಬಂದ ಮೇಲೆ ಮುಂದೇನು? ಈ ಎರಡಕ್ಕೂ ನೆಟ್ಟಗೆ ಉತ್ತರ ಕೊಟ್ಟ ಕಾರ್ಯಕ್ರಮಗಳಿಗೆ ಯುವಕರು ಬಂದರು. ಉಳಿದವು ಭಿತ್ತಿಪತ್ರ ಹಚ್ಚಿದ್ದಷ್ಟೇ ಬಂತು.

ಮುಂದೆ ಹೋಗುವ ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಕಪ್ಪು ಗೇ ಯುವಕರಲ್ಲಿ ಸೋಂಕು ಇಷ್ಟು ಹೆಚ್ಚಿದೆಯೆಂದರೆ ಅವರ ನಡವಳಿಕೆಯೇ ಬೇಜವಾಬ್ದಾರಿಯದ್ದಿರಬೇಕು ಎಂದು ಬಹಳ ಜನ, ವೈದ್ಯರೂ ಸೇರಿ, ನಂಬಿದ್ದರು. ಸಂಶೋಧಕ ಗ್ರೆಗ್ ಮಿಲೆಟ್ ಮತ್ತು ಸಂಗಡಿಗರು 2006ರಲ್ಲಿ, ಮತ್ತೆ 2007ರಲ್ಲಿ, ಆವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದರು. ಕಾಂಡೋಮ್ ಬಳಕೆಯಲ್ಲಿ ಕಪ್ಪು ಯುವಕರು ಬಿಳಿಯರಿಗಿಂತ ಹಿಂದಿರಲಿಲ್ಲ. ಅವರ ಸಂಗಾತಿಗಳ ಸಂಖ್ಯೆ ಹೆಚ್ಚಲ್ಲ, ಕಡಿಮೆಯೇ ಇತ್ತು. ಮಾದಕ ವಸ್ತುಗಳ ಬಳಕೆಯೂ ಕಡಿಮೆ. ವ್ಯತ್ಯಾಸ ಇದ್ದದ್ದು ಬೇರೆ ಕಡೆ: ಇತರ ಲೈಂಗಿಕ ರೋಗಗಳು ಚಿಕಿತ್ಸೆಯಿಲ್ಲದೆ ಉಳಿದಿದ್ದವು, ಮತ್ತು ತಮ್ಮ ಸೋಂಕಿನ ಅರಿವು ಇದ್ದವರು ಕಡಿಮೆಯಿದ್ದರು. ಅಮೆರಿಕದಲ್ಲಿ ಬಣ್ಣದ ಗೆರೆ ಪ್ರೀತಿಯ ನಡುವೆಯೂ ಹಾದುಹೋಗುತ್ತದೆ. ಕಪ್ಪು ಯುವಕರ ಸಂಗಾತಿಗಳು ಹೆಚ್ಚಾಗಿ ಕಪ್ಪು ಯುವಕರೇ. ಚಿಕ್ಕ ವೃತ್ತವೊಂದರಲ್ಲಿ ಸೋಂಕಿತರ ಪ್ರಮಾಣ ಹೆಚ್ಚಿದ್ದು, ಅವರಲ್ಲಿ ಬಹುಪಾಲು ಜನ ಔಷಧಿಯಿಂದ ದೂರವಿದ್ದರೆ, ಎಚ್ಚರದಿಂದ ಇರುವವನಿಗೂ ಒಂದೊಂದು ಸಂಬಂಧದಲ್ಲೂ ಅಪಾಯ ಹೆಚ್ಚು. ಅದೇ ಎಚ್ಚರ, ಅದೇ ತಪ್ಪು; ಒಬ್ಬನಿಗೆ ಏನೂ ಆಗುವುದಿಲ್ಲ, ಇನ್ನೊಬ್ಬನಿಗೆ ಸೋಂಕು. 2016ರಲ್ಲಿ ಸಿಡಿಸಿ, ಅಂದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಒಂದು ಅಂದಾಜು ಪ್ರಕಟಿಸಿತು. ಪರಿಸ್ಥಿತಿ ಹೀಗೇ ಮುಂದುವರಿದರೆ ಕಪ್ಪು ಗೇ ಪುರುಷರಲ್ಲಿ ಇಬ್ಬರಲ್ಲಿ ಒಬ್ಬರಿಗೆ, ಲ್ಯಾಟಿನೊಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಬಿಳಿಯರಲ್ಲಿ ಹನ್ನೊಂದು ಮಂದಿಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಚ್‌ಐವಿ ತಗಲುತ್ತದೆ ಎಂದು.

ಹಾಗಾಗಿ ಪರೀಕ್ಷೆಗೆ ಕರೆಯುವ ಮಾತಿನಲ್ಲಿ ಬೈಗುಳ ಇರಬಾರದು. ನೀನು ಕೆಟ್ಟವನು, ಅದಕ್ಕೇ ಪರೀಕ್ಷೆ ಮಾಡಿಸಿಕೋ ಎಂಬ ಧ್ವನಿ ಒಂದಿಷ್ಟು ಸುಳಿದರೂ ಕೇಳುವವನು ಎದ್ದು ಹೋಗುತ್ತಾನೆ. ಅವನು ಹೋಗುವುದು ಸರಿಯೂ ಹೌದು.

ಪರೀಕ್ಷೆಯ ಬಗೆಗಿನ ಭಯಕ್ಕೂ ಒಂದು ಚರಿತ್ರೆಯಿದೆ. ಮೊದಲ ಎಚ್‌ಐವಿ ಪರೀಕ್ಷೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1985ರ ಮಾರ್ಚ್ 2ರಂದು, ಮುಖ್ಯವಾಗಿ ರಕ್ತನಿಧಿಗಳನ್ನು ಕಾಪಾಡುವುದಕ್ಕೆ. ಆಗ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಸೋಂಕಿದೆಯೆಂದು ತಿಳಿದರೆ ಸಿಗುತ್ತಿದ್ದದ್ದು ಮರಣದ ಸುದ್ದಿ ಮಾತ್ರ, ಕಳೆದುಕೊಳ್ಳುತ್ತಿದ್ದದ್ದು ಕೆಲಸ, ವಿಮೆ, ಬಾಡಿಗೆ ಮನೆ. ಅದೇ ವರ್ಷ ಕೊಲೊರಾಡೊ ರಾಜ್ಯ ಸೋಂಕಿತರ ಹೆಸರುಗಳನ್ನು ಸರ್ಕಾರಕ್ಕೆ ತಿಳಿಸಬೇಕೆಂದು ವಿಧಿಸಿತು. ಮರುವರ್ಷ ಹೆಸರಾಂತ ಅಂಕಣಕಾರ ವಿಲಿಯಂ ಬಕ್ಲಿ, ಸೋಂಕಿತರ ಮೈಮೇಲೆ ಹಚ್ಚೆ ಹಾಕಬೇಕೆಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಪರೀಕ್ಷೆಗೆ ಹೋಗುವ ಮುನ್ನ ಹತ್ತು ಸಲ ಯೋಚಿಸಿ ಎಂದು ಗೇ ಸಂಘಟನೆಗಳೇ ತಮ್ಮವರಿಗೆ ಹೇಳುತ್ತಿದ್ದ ಕಾಲ ಅದು. ಕಪ್ಪು ಜನರ ಎದೆಯಲ್ಲಿ ಇದಕ್ಕಿಂತ ಹಳೆಯ ಗಾಯವೊಂದಿತ್ತು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ, ಕಾಯಿಲೆ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತದ್ದು ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆ. ಕೊನೆಯ ವರ್ಷಗಳಲ್ಲಿ ಅದರ ಹೊಣೆ ಹೊತ್ತಿದ್ದದ್ದು ಇದೇ ಸಿಡಿಸಿ. ಆ ಸಂಸ್ಥೆಯ ಹೆಸರು ಬರೆದ ಕರಪತ್ರ ಹಿಡಿದು ಬಂದು ರಕ್ತ ಕೊಡು ಎಂದವರ ಮಾತನ್ನು ಯಾಕೆ ನಂಬಬೇಕು ಎಂಬ ಪ್ರಶ್ನೆಯನ್ನು ಅಜ್ಞಾನ ಎಂದು ತಳ್ಳಿಹಾಕಲಾಗದು.

ಅದಕ್ಕೇ ಕರೆಯುವವರು ಯಾರು ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಸಿಕ್ಕ ಮೊದಲ ಒಳ್ಳೆಯ ಉತ್ತರ ಹುಟ್ಟಿದ್ದು ಸಣ್ಣ ಊರುಗಳ ಬಾರುಗಳಲ್ಲಿ. 1980ರ ದಶಕದ ಕೊನೆಗೆ ಮನಶ್ಶಾಸ್ತ್ರಜ್ಞ ಜೆಫ್ರಿ ಕೆಲಿ ಮತ್ತು ತಂಡ ಮಿಸಿಸಿಪಿ ರಾಜ್ಯದ ಬಿಲಾಕ್ಸಿಯ ಗೇ ಬಾರುಗಳಲ್ಲಿ ಗ್ಲಾಸು ತುಂಬಿಸುವವರನ್ನು ಕೇಳಿದರು: ಇಲ್ಲಿ ಬರುವವರಲ್ಲಿ ಎಲ್ಲರೂ ಮಾತಾಡಿಸುವ, ಎಲ್ಲರೂ ಇಷ್ಟಪಡುವ ಹುಡುಗರು ಯಾರು? ಹಾಗೆ ಗುರುತಿಸಿದವರಿಗೆ ಕೆಲವು ವಾರ ತರಬೇತಿ ಕೊಟ್ಟು, ನಿಮ್ಮ ಗೆಳೆಯರೊಡನೆ ಹರಟುವಾಗ ಈ ಮಾತನ್ನೂ ಎತ್ತಿ ಎಂದು ಕೇಳಿಕೊಂಡರು. ವೇದಿಕೆಯಿಲ್ಲ, ಭಾಷಣವಿಲ್ಲ. ಕೆಲವೇ ತಿಂಗಳಲ್ಲಿ ಅಸುರಕ್ಷಿತ ಸಂಬಂಧ ಸುಮಾರು ಕಾಲುಭಾಗ ತಗ್ಗಿತು. ಆ ಪ್ರಯೋಗದ ಗುರಿ ಕಾಂಡೋಮ್ ಬಳಕೆ, ಪರೀಕ್ಷೆಯಲ್ಲ. ಆದರೆ ಊರಿನ ಆರೋಗ್ಯಾಧಿಕಾರಿ ಹೇಳಿದರೆ ಕಿವಿಯಾಚೆ ಹೋಗುವ ಮಾತು ಗೆಳೆಯ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ ಎಂಬುದನ್ನು ಅದು ಲೆಕ್ಕ ಸಮೇತ ತೋರಿಸಿತು. 1990ರ ದಶಕದಲ್ಲಿ ಆರೆಗಾನ್ ರಾಜ್ಯದ ಯೂಜೀನ್‌ನಲ್ಲಿ ಸೂಸನ್ ಕೆಗೆಲೀಸ್ ಮತ್ತು ರಾಬರ್ಟ್ ಹೇಸ್ ಆರಂಭಿಸಿದ ಎಂಪವರ್‌ಮೆಂಟ್ ಪ್ರಾಜೆಕ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಯುವಕರದೇ ಒಂದು ಜಾಗ, ಅವರದೇ ಆಡಳಿತ. ಸಿನಿಮಾ, ಊಟ, ನೃತ್ಯ ಮೊದಲು. ಆರೋಗ್ಯದ ಮಾತು ಅದರ ಜೊತೆ ಬರುತ್ತಿತ್ತು.

ಈ ಎರಡೂ ಹುಟ್ಟಿದ್ದು ಹೆಚ್ಚಾಗಿ ಬಿಳಿಯ ಯುವಕರ ನಡುವೆ. ಅವನ್ನು ಎತ್ತಿ ತಂದು ಕಪ್ಪು ಯುವಕರ ನಡುವೆ ಇಟ್ಟರೆ ಸಾಲದು ಎಂಬುದು ಬೇಗ ಗೊತ್ತಾಯಿತು. 2000ದ ದಶಕದ ಆರಂಭದಲ್ಲಿ ನಾರ್ತ್ ಕ್ಯಾರೊಲೈನಾದ ಕಾಲೇಜು ಓದುವ ಕಪ್ಪು ಯುವಕರಲ್ಲಿ ಹೊಸ ಸೋಂಕುಗಳ ಗುಚ್ಛವೊಂದು ಪತ್ತೆಯಾಗಿತ್ತು. ಆ ರಾಜ್ಯದಲ್ಲಿ ಕೆಲಿಯವರ ಮಾದರಿಯನ್ನು ಬಿಚ್ಚಿ ಹೊಸದಾಗಿ ಹೊಲಿದರು. ಬಣ್ಣದ ಕಾರಣಕ್ಕೆ ಗೇ ಬಾರಿನಲ್ಲಿ, ಗೇ ಎಂಬ ಕಾರಣಕ್ಕೆ ತಮ್ಮದೇ ಚರ್ಚಿನಲ್ಲಿ ಕೀಳಾಗಿ ಕಾಣಿಸಿಕೊಳ್ಳುವ ಅನುಭವವನ್ನು ಮಾತಿನ ನಡುವೆಯೇ ತಂದರು. ನಿನ್ನ ಬದುಕಿಗೆ ಬೆಲೆಯಿದೆ ಎಂಬ ಮಾತು ಮೊದಲು, ಕಾಂಡೋಮಿನ ಮಾತು ಆಮೇಲೆ.

ಪರೀಕ್ಷೆಯ ಮಟ್ಟಿಗೆ ನಿಜವಾದ ತಿರುವು ತಂದದ್ದು ಸ್ನೇಹಜಾಲದ ವಿಧಾನ. ನನ್ನ ಓದಿನಲ್ಲಿ ಕಂಡ ಎಲ್ಲ ವಿಧಾನಗಳಲ್ಲಿ ಇದೇ ಹೆಚ್ಚು ಬುದ್ಧಿವಂತಿಕೆಯದು, ಹೆಚ್ಚು ಮಾನವೀಯವಾದದ್ದು. ಸೋಂಕಿದೆಯೆಂದು ಈಗಾಗಲೇ ತಿಳಿದು ಚಿಕಿತ್ಸೆ ಪಡೆಯುತ್ತಿರುವ ಒಬ್ಬನನ್ನು, ಇಲ್ಲವೇ ಸೋಂಕಿಲ್ಲದಿದ್ದರೂ ಅಪಾಯದ ಅಂಚಿನಲ್ಲಿರುವ ಒಬ್ಬನನ್ನು ಸಂಸ್ಥೆಯ ಕಾರ್ಯಕರ್ತ ಮಾತಾಡಿಸುತ್ತಾನೆ. ನಿನ್ನ ಒಡನಾಟದಲ್ಲಿ ಯಾರಾರಿದ್ದಾರೆ, ಯಾರಿಗೆ ಪರೀಕ್ಷೆ ಬೇಕಾಗಿದೆ ಎನ್ನಿಸುತ್ತದೆ, ಯಾರ ಬಳಿ ಈ ಮಾತು ಎತ್ತಬಲ್ಲೆ ಎಂದು ಕೇಳುತ್ತಾನೆ. ಹೇಗೆ ಎತ್ತಬೇಕು, ತನ್ನ ಗುಟ್ಟು ಹೇಳಬೇಕಾದ ಅಗತ್ಯ ಇಲ್ಲದೆ ಹೇಗೆ ಮಾತಾಡಬಹುದು ಎಂಬುದನ್ನು ಇಬ್ಬರೂ ಕೂತು ಅಭ್ಯಾಸ ಮಾಡುತ್ತಾರೆ. ಆಮೇಲೆ ಅವನು ತನ್ನ ಗೆಳೆಯರನ್ನು, ಹಳೆಯ ಸಂಗಾತಿಗಳನ್ನು, ಒಂದೇ ಕೋಣೆಯಲ್ಲಿ ಇರುವವರನ್ನು ಕರೆತರುತ್ತಾನೆ. ಆ ಸಮಯಕ್ಕೆ ಅವನಿಗೂ ಬಂದವರಿಗೂ ಒಂದಿಷ್ಟು ಹಣ ಅಥವಾ ಗಿಫ್ಟ್ ಕಾರ್ಡು ಸಿಗುತ್ತದೆ. ಕೆಲವು ತಿಂಗಳಾದ ಮೇಲೆ ಹೊಸಬರಿಗೆ ಜಾಗ ಬಿಡುತ್ತಾನೆ, ಯಾಕೆಂದರೆ ಒಬ್ಬನ ಪರಿಚಯದ ವಲಯ ಅಷ್ಟರಲ್ಲಿ ಮುಗಿದಿರುತ್ತದೆ.

2003ರಿಂದ 2005ರವರೆಗೆ ಸಿಡಿಸಿಯ ನೆರವಿನಿಂದ ಏಳು ನಗರಗಳ ಒಂಬತ್ತು ಸಮುದಾಯ ಸಂಸ್ಥೆಗಳು ಇದನ್ನು ಪ್ರಯೋಗಿಸಿ ನೋಡಿದವು. 422 ಮಂದಿ ತಮ್ಮವರನ್ನು ಕರೆದರು, 3,172 ಮಂದಿ ಬಂದು ಪರೀಕ್ಷೆ ಮಾಡಿಸಿಕೊಂಡರು. ಅವರಲ್ಲಿ ಶೇ 5.6 ಮಂದಿಯಲ್ಲಿ ಹೊಸದಾಗಿ ಸೋಂಕು ಪತ್ತೆಯಾಯಿತು. ಅದೇ ಕಾಲದಲ್ಲಿ ಸರ್ಕಾರದ ಹಣದಿಂದ ನಡೆಯುತ್ತಿದ್ದ ಮಾಮೂಲು ಪರೀಕ್ಷಾ ಕೇಂದ್ರಗಳಲ್ಲಿ ಈ ಪ್ರಮಾಣ ಸುಮಾರು ಶೇ 1. ಕಟ್ಟಡ ತೆರೆದಿಟ್ಟು ಕಾಯುತ್ತ ಕೂರುವುದಕ್ಕೂ, ಜನರ ನಡುವಿನ ನಂಟನ್ನು ಹಿಡಿದು ಹೋಗುವುದಕ್ಕೂ ಇರುವ ಅಂತರ ಅದು. ಹಣ ಕೊಟ್ಟು ಕರೆಸುವುದಕ್ಕೆ ಮೂಗು ಮುರಿಯುವವರಿದ್ದಾರೆ. ಎರಡೆರಡು ಕೆಲಸ ಮಾಡಿ ಬಾಡಿಗೆ ಕಟ್ಟುವ ಹುಡುಗನೊಬ್ಬ ಪಾಳಿ ತಪ್ಪಿಸಿ, ಬಸ್ಸು ಬದಲಿಸಿ ಬರುತ್ತಾನೆ. ಅವನ ಸಮಯಕ್ಕೆ ಬೆಲೆ ಕೊಡುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಈ ವಿಧಾನದ ಮಿತಿ ಇರುವುದು ಬೇರೆ ಕಡೆ. ಯಾರ ಸ್ನೇಹಜಾಲದೊಳಗೂ ಇಲ್ಲದ, ಮನೆಯಲ್ಲೂ ಹೊರಗೂ ಬಾಯಿಬಿಡದ, ತನ್ನನ್ನು ಗೇ ಎಂದು ತನ್ನ ಮುಂದೆಯೂ ಒಪ್ಪಿಕೊಳ್ಳದ ಯುವಕ ಇದರ ಕೈಗೆ ಸಿಗುವುದಿಲ್ಲ.

ಜಾಲಗಳ ಮಾತು ಬಂದಾಗ ಬಾಲ್‌ರೂಂ ಲೋಕವನ್ನು ಬಿಟ್ಟು ಮುಂದೆ ಹೋಗಲಾಗದು. ನ್ಯೂಯಾರ್ಕಿನ ಹಾರ್ಲೆಂನಲ್ಲಿ ಬೆಳೆದ ಈ ಲೋಕ ಜೆನಿ ಲಿವಿಂಗ್‌ಸ್ಟನ್ ಅವರ 1990ರ ಸಾಕ್ಷ್ಯಚಿತ್ರ ‘ಪ್ಯಾರಿಸ್ ಈಸ್ ಬರ್ನಿಂಗ್’ ಮೂಲಕ ಹೊರಗಿನವರಿಗೆ ಪರಿಚಯವಾಯಿತು. ಆದರೆ ಅದರ ಬೇರು ಇನ್ನೂ ಹಳೆಯದು. ಬಿಳಿಯರೇ ಗೆಲ್ಲುತ್ತಿದ್ದ ಡ್ರ್ಯಾಗ್ ಸೌಂದರ್ಯ ಸ್ಪರ್ಧೆಗಳಿಂದ ಬೇಸತ್ತ ಕ್ರಿಸ್ಟಲ್ ಲಬೇಜಾ 1970ರ ದಶಕದ ಆರಂಭದಲ್ಲಿ ಹೌಸ್ ಆಫ್ ಲಬೇಜಾ ಕಟ್ಟಿದರು. ಅಲ್ಲಿಂದ ಒಂದೊಂದೇ ‘ಹೌಸ್’ ಹುಟ್ಟಿಕೊಂಡವು. ಹೌಸ್ ಎಂದರೆ ಕುಟುಂಬ. ಅದಕ್ಕೊಬ್ಬ ಅಮ್ಮ, ಒಬ್ಬ ಅಪ್ಪ, ಉಳಿದವರೆಲ್ಲ ಮಕ್ಕಳು. ಹೆತ್ತವರು ಹೊರಹಾಕಿದ ಕಪ್ಪು ಮತ್ತು ಲ್ಯಾಟಿನೊ ಗೇ ಹುಡುಗರಿಗೆ, ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಊಟ, ಬಟ್ಟೆ, ಬುದ್ಧಿಮಾತು, ಬೈಗುಳ ಎಲ್ಲವೂ ಸಿಗುತ್ತಿದ್ದ ಜಾಗ. ಬಾಲ್ ನಡೆಯುವ ರಾತ್ರಿ ಹೌಸ್‌ಗಳು ಒಂದರ ಎದುರು ಒಂದು ನಿಂತು ನಡಿಗೆ, ವೇಷ, ವೋಗಿಂಗ್ ನೃತ್ಯಗಳಲ್ಲಿ ಸ್ಪರ್ಧಿಸುತ್ತವೆ, ಬೆಳಗಿನವರೆಗೂ.

ಏಡ್ಸ್ ಈ ಲೋಕವನ್ನು ಬಹಳ ಕ್ರೂರವಾಗಿ ಮುಟ್ಟಿತು. 2004ರಲ್ಲಿ ನ್ಯೂಯಾರ್ಕಿನ ಈ ಸಮುದಾಯದ 504 ಮಂದಿಯನ್ನು ಪರೀಕ್ಷಿಸಿದಾಗ ಶೇ 17ರಷ್ಟು ಜನರಲ್ಲಿ ಸೋಂಕಿತ್ತು, ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನಕ್ಕೆ ಅದು ಗೊತ್ತಿರಲಿಲ್ಲ. ಏಡ್ಸ್ ವಿರುದ್ಧ ಹುಟ್ಟಿದ ಮೊದಲ ದೊಡ್ಡ ಸಂಘಟನೆಯಾದ ಗೇ ಮೆನ್ಸ್ ಹೆಲ್ತ್ ಕ್ರೈಸಿಸ್, ಅಂದರೆ ಜಿಎಂಎಚ್‌ಸಿ, 1980ರ ದಶಕದ ಕೊನೆಗೇ ಇಲ್ಲಿ ಒಳಹೊಕ್ಕಿತು. ಹೊಕ್ಕ ರೀತಿ ಗಮನಿಸಬೇಕಾದದ್ದು. ಬಾಲ್‌ಗಳಿಗೆ ಹೋಗಿ ಮೇಜು ಹಾಕಿ ಕೂರಲಿಲ್ಲ. ತಾನೇ ಒಂದು ಹೌಸ್ ಆಯಿತು. ಅದರ ಹೆಸರು ಹೌಸ್ ಆಫ್ ಲೇಟೆಕ್ಸ್. ಆ ಹೌಸ್‌ನ ಮಕ್ಕಳು ಉಳಿದವರಂತೆಯೇ ನಡೆದರು, ಕುಣಿದರು, ಸ್ಪರ್ಧಿಸಿದರು. ಅದು ನಡೆಸುವ ಲೇಟೆಕ್ಸ್ ಬಾಲ್ ಬೆಳೆದು ಈ ಲೋಕದ ಅತಿ ದೊಡ್ಡ ವಾರ್ಷಿಕ ಕೂಟಗಳಲ್ಲಿ ಒಂದಾಯಿತು. ಟ್ರೋಫಿಗಳ ಪಕ್ಕದಲ್ಲೇ ಕಾಂಡೋಮ್, ಮಾಹಿತಿ, ಪರೀಕ್ಷೆ. ಷಿಕಾಗೊದಲ್ಲಿ ಸಿಬಿಲ್ ಹೊಸೆಕ್ ತಂಡ ಬಾಲ್ ಸಮುದಾಯದೊಳಗಿನ ಪ್ರಭಾವಿಗಳನ್ನೇ ಹಿಡಿದು ಕೆಲಿಯವರ ಮಾದರಿಯನ್ನು ಅಲ್ಲಿಗೆ ಒಗ್ಗಿಸಿತು. ಹೌಸ್‌ನ ಅಮ್ಮ ‘ನಾಳೆ ಬೆಳಿಗ್ಗೆ ಎಲ್ಲರೂ ಪರೀಕ್ಷೆಗೆ ಹೊರಡಿ, ನಾನೂ ಬರುತ್ತೇನೆ’ ಎಂದರೆ ಅದು ಸಲಹೆಯಾಗಿ ಉಳಿಯುವುದಿಲ್ಲ, ಮನೆಯ ಹಿರಿಯರ ಮಾತಾಗುತ್ತದೆ. ಹೆತ್ತ ಅಮ್ಮನ ಮನೆಯಲ್ಲಿ ಆಡಲಾಗದ ಮಾತು ಇಲ್ಲಿ ಅಡುಗೆಮನೆಯ ಮೇಜಿನ ಸುತ್ತ ನಡೆಯುತ್ತದೆ.

ತಂತ್ರಜ್ಞಾನವೂ ನೆರವಾಯಿತು. ಮೊದಲೆಲ್ಲ ರಕ್ತ ಕೊಟ್ಟು ಒಂದೆರಡು ವಾರ ಕಾದು ಮತ್ತೆ ಬರಬೇಕಿತ್ತು. 2000ದಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಸೋಂಕು ಪತ್ತೆಯಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಫಲಿತಾಂಶ ಕೇಳಲು ಮರಳಿ ಬರಲೇ ಇಲ್ಲ. 2002ರ ಕೊನೆಗೆ ಇಪ್ಪತ್ತು ನಿಮಿಷದಲ್ಲಿ ಉತ್ತರ ಕೊಡುವ ಓರಾಕ್ವಿಕ್ ಪರೀಕ್ಷೆ ಬಂತು. 2004ರಲ್ಲಿ ಅದೇ ಪರೀಕ್ಷೆಯನ್ನು ವಸಡಿನ ಮೇಲೆ ಕಡ್ಡಿಯಾಡಿಸಿಯೂ ಮಾಡಬಹುದೆಂದಾಯಿತು. ವ್ಯಾನುಗಳು ಕ್ಲಬ್ಬುಗಳ ಎದುರು ನಿಲ್ಲತೊಡಗಿದವು. ವಾಷಿಂಗ್ಟನ್ ನಗರದಲ್ಲಿ 2010ರಿಂದ ಡ್ರೈವಿಂಗ್ ಲೈಸೆನ್ಸಿನ ಕಚೇರಿಯೊಂದರಲ್ಲಿ ಸರದಿಗೆ ಕಾಯುವವರಿಗೂ ಪರೀಕ್ಷೆ ಸಿಕ್ಕಿತು. ಅಷ್ಟರಲ್ಲಿ ಸಿಡಿಸಿ 2006ರಲ್ಲೇ, 13ರಿಂದ 64 ವರ್ಷದ ಎಲ್ಲರಿಗೂ ಆಸ್ಪತ್ರೆಯಲ್ಲಿ ಮಾಮೂಲು ಪರೀಕ್ಷೆಗಳ ಜೊತೆ ಇದನ್ನೂ ಮಾಡಬೇಕೆಂದು, ಅಪಾಯ ಹೆಚ್ಚಿರುವವರಿಗೆ ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂದು ಹೇಳಿತ್ತು. ಎಲ್ಲರಿಗೂ ಮಾಡುವ ಪರೀಕ್ಷೆಯಲ್ಲಿ ಯಾರೊಬ್ಬರ ಮೇಲೂ ಬೆರಳು ತೋರಿಸಿದಂತಾಗುವುದಿಲ್ಲ ಎಂಬುದು ಅದರ ಒಳ್ಳೆಯ ಗುಣ. ವೈದ್ಯರ ಬಳಿ ಹೋಗುವ ಶಕ್ತಿಯೇ ಇಲ್ಲದವರಿಗೆ ಅದು ತಲುಪುವುದಿಲ್ಲ ಎಂಬುದು ಅದರ ಕೊರತೆ.

ಜಾಹೀರಾತುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2011ರ ಕೊನೆಗೆ ಕಪ್ಪು ಗೇ ಪುರುಷರಿಗೆಂದೇ ‘ಟೆಸ್ಟಿಂಗ್ ಮೇಕ್ಸ್ ಅಸ್ ಸ್ಟ್ರಾಂಗರ್’, 2013ರಲ್ಲಿ ಲ್ಯಾಟಿನೊಗಳಿಗಾಗಿ ‘ರೀಸನ್ಸ್/ರಸೋನೆಸ್’ ಎಂಬ ಪ್ರಚಾರಗಳನ್ನು ಸಿಡಿಸಿ ಹೊರತಂದಿತು. ತಮ್ಮಂಥವರ ನಗುಮುಖಗಳು, ಜೋಡಿಯಾಗಿ, ಭಯವಿಲ್ಲದೆ, ಗೋಡೆಯ ಮೇಲೆ ಕಂಡದ್ದಕ್ಕೆ ಅದರದೇ ಬೆಲೆಯಿದೆ. ಆ ಮುಖ ಕಂಡವನನ್ನು ಬಾಗಿಲವರೆಗೆ ಕರೆದೊಯ್ಯಲು ಮತ್ತೆ ಒಬ್ಬ ಮನುಷ್ಯನೇ ಬೇಕು.

ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣ. ಪರೀಕ್ಷೆಯ ಕಡ್ಡಿಯ ಮೇಲೆ ಎರಡು ಗೆರೆ ಮೂಡಿದ ಮೇಲೆ ಏನು? ಒಳ್ಳೆಯ ಕಾರ್ಯಕರ್ತ ಆ ಕ್ಷಣದಿಂದ ಕೆಲಸ ಶುರುವಾಯಿತು ಎಂದೇ ತಿಳಿಯುತ್ತಾನೆ. ಖಚಿತಪಡಿಸುವ ಎರಡನೆಯ ಪರೀಕ್ಷೆಗೆ ಜೊತೆಗೆ ಹೋಗುತ್ತಾನೆ, ಕ್ಲಿನಿಕ್ಕಿನಲ್ಲಿ ಪಕ್ಕದಲ್ಲಿ ಕೂರುತ್ತಾನೆ, ವಿಮೆಯ ಅರ್ಜಿ ತುಂಬಿಸುತ್ತಾನೆ, ರಾತ್ರಿ ಫೋನು ಬಂದರೆ ಎತ್ತುತ್ತಾನೆ. ಇಂದಿನ ಔಷಧಿ ಸರಿಯಾಗಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದರೆ, ಲೈಂಗಿಕ ಸಂಬಂಧದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ದೊಡ್ಡ ಅಧ್ಯಯನಗಳು ಇದನ್ನು ತೋರಿಸಿಕೊಟ್ಟ ಮೇಲೆ 2017ರಲ್ಲಿ ಸಿಡಿಸಿಯೂ ಒಪ್ಪಿಕೊಂಡಿತು. ಪರೀಕ್ಷೆಗೆ ಕರೆಯುವವನ ಕೈಗೆ ಇಷ್ಟು ಒಳ್ಳೆಯ ಸುದ್ದಿ ಹಿಂದೆಂದೂ ಸಿಕ್ಕಿರಲಿಲ್ಲ. ಫಲಿತಾಂಶ ಯಾವುದೇ ಬರಲಿ, ನಿನಗೆ ಕೊಡಲು ನನ್ನ ಬಳಿ ಏನೋ ಇದೆ ಎಂದು ಅವನು ಧೈರ್ಯವಾಗಿ ಹೇಳಬಹುದು. ಸೋಂಕಿದ್ದರೆ ದೀರ್ಘಾಯುಷ್ಯ ಕೊಡುವ ಔಷಧಿ, ಇಲ್ಲದಿದ್ದರೆ ಸೋಂಕು ತಗಲದಂತೆ ಕಾಯುವ ಪ್ರೆಪ್ ಮಾತ್ರೆ. ಪ್ರೆಪ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ.

ಆದರೆ ಕಾನೂನು ಈ ಮಾತನ್ನು ಹಿಂದಿನಿಂದ ಕಿತ್ತುಕೊಳ್ಳುತ್ತದೆ. ಸೋಂಕಿರುವುದು ತಿಳಿದೂ ಸಂಗಾತಿಗೆ ಹೇಳದಿದ್ದರೆ ಅಪರಾಧ ಎನ್ನುವ ಕಾನೂನುಗಳು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಬಂದವು. ಹಲವು ಕಡೆ ಸೋಂಕು ಹರಡಲೇಬೇಕೆಂದಿಲ್ಲ, ಹೇಳಲಿಲ್ಲ ಎಂಬುದೇ ಸಾಕು. ಹೇಳಿದ್ದೆ ಎಂದು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಹೇಗೆ? 2015ರಲ್ಲಿ ಮಿಸೌರಿಯಲ್ಲಿ ಕಾಲೇಜು ಕುಸ್ತಿಪಟುವಾಗಿದ್ದ ಒಬ್ಬ ಕಪ್ಪು ಗೇ ಯುವಕನಿಗೆ ಇಂಥ ಕಾನೂನಿನಡಿ 30 ವರ್ಷದ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಗಿ, ಅವನು 2019ರಲ್ಲಿ ಬಿಡುಗಡೆಯಾದ. ಮಿಸೌರಿ 2021ರಲ್ಲಿ ಕಾನೂನನ್ನು ಸಡಿಲಿಸಿತು. ಅದೇ ವರ್ಷ ಇಲಿನಾಯ್ ಪೂರ್ತಿ ತೆಗೆದುಹಾಕಿತು. ಆದರೆ ಆ 30 ವರ್ಷದ ಸುದ್ದಿ ಓದಿದ ಯುವಕರಿಗೆ ತಿಳಿದದ್ದು ಒಂದೇ: ಪರೀಕ್ಷೆ ಮಾಡಿಸಿಕೊಳ್ಳದವನು ಆರೋಪಿಯಾಗುವುದಿಲ್ಲ, ಮಾಡಿಸಿಕೊಂಡವನು ಆಗಬಹುದು. ಒಂದು ಕೈಯಲ್ಲಿ ಪರೀಕ್ಷೆಯ ಕಿಟ್, ಇನ್ನೊಂದರಲ್ಲಿ ಕೈಕೋಳ ಹಿಡಿದು ಬಾ ಎಂದು ಕರೆದರೆ ಯಾರು ಬರುತ್ತಾರೆ?

ಲ್ಯಾಟಿನೊ ಯುವಕರ ವಿಷಯದಲ್ಲಿ ಈ ಭಯಕ್ಕೆ ಇನ್ನೊಂದು ಮಗ್ಗುಲಿದೆ. 1987ರಿಂದ 2010ರ ಜನವರಿಯವರೆಗೆ ಎಚ್‌ಐವಿ ಇರುವ ವಿದೇಶಿಯರು ಅಮೆರಿಕ ಪ್ರವೇಶಿಸುವಂತಿರಲಿಲ್ಲ. ಕಾಯಂ ವಾಸದ ಅನುಮತಿಗೆ ಅರ್ಜಿ ಹಾಕಿದವರಿಗೆ ಪರೀಕ್ಷೆ ಕಡ್ಡಾಯವಿತ್ತು. ಪರೀಕ್ಷೆ ಎಂದರೆ ಗಡೀಪಾರು ಎಂಬ ನೆನಪು ಕಾನೂನು ಹೋದ ಮೇಲೂ ಕುಟುಂಬಗಳಲ್ಲಿ ಉಳಿಯಿತು. ಕಾಗದಪತ್ರವಿಲ್ಲದ ಯುವಕನಿಗೆ ಯಾವ ಸರ್ಕಾರಿ ನಮೂನೆಯ ಮೇಲೂ ಹೆಸರು ಬರೆಯಲು ಕೈ ನಡುಗುತ್ತದೆ. ಸ್ಪ್ಯಾನಿಷ್ ಮಾತಾಡುವ ಆಪ್ತಸಮಾಲೋಚಕ ಇದ್ದರೆ ಸಾಲದು, ಹೆಸರಿಲ್ಲದೆ ಪರೀಕ್ಷೆ ನಡೆಯಬೇಕು. ದೇಶದಲ್ಲಿ ಒಟ್ಟಾರೆ ಹೊಸ ಸೋಂಕು ಇಳಿಯುತ್ತಿದ್ದ 2018ರಿಂದ 2022ರ ಅವಧಿಯಲ್ಲೂ ಲ್ಯಾಟಿನೊಗಳಲ್ಲಿ ಹೊಸದಾಗಿ ಪತ್ತೆಯಾದ ಪ್ರಕರಣಗಳು ಏರಿದವು. ಅವರ ಕಡೆಗೆ ಸಾಕಷ್ಟು ಗಮನ ಹರಿದಿರಲಿಲ್ಲ ಎಂದು ಈಗ ಅಲ್ಲಿನ ಕಾರ್ಯಕರ್ತರು ಬಹಿರಂಗವಾಗಿಯೇ ಹೇಳುತ್ತಿದ್ದಾರೆ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಎಲ್ಲ ಕಷ್ಟಗಳೂ ಒಟ್ಟಿಗೆ ಸೇರುತ್ತವೆ. ದೇಶದ ಹೊಸ ಪ್ರಕರಣಗಳಲ್ಲಿ ಅರ್ಧದಷ್ಟು ಅಲ್ಲಿಯವು. 2016ರ ಅಧ್ಯಯನವೊಂದು ಮಿಸಿಸಿಪಿಯ ಜಾಕ್ಸನ್ ನಗರ ಪ್ರದೇಶದ ಗೇ ಪುರುಷರಲ್ಲಿ ಹತ್ತರಲ್ಲಿ ನಾಲ್ವರು ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ ಎಂದು ಅಂದಾಜು ಮಾಡಿತು. ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್ ವಿಮೆಯನ್ನು ಮಿಸಿಸಿಪಿ, ಅಲಬಾಮಾ, ಟೆಕ್ಸಸ್, ಫ್ಲಾರಿಡಾ ಮುಂತಾದ ರಾಜ್ಯಗಳು ವಿಸ್ತರಿಸಲು ಒಪ್ಪಲಿಲ್ಲ. ಹಾಗಾಗಿ ಮಕ್ಕಳಿಲ್ಲದ, ಅಂಗವಿಕಲನಲ್ಲದ ಬಡ ಯುವಕನಿಗೆ ಅಲ್ಲಿ ವಿಮೆಯೇ ಇಲ್ಲ. ಜಾಕ್ಸನ್ನಿನ ಮೈ ಬ್ರದರ್ಸ್ ಕೀಪರ್ ಎಂಬ ಸಂಸ್ಥೆ ಈ ಸ್ಥಿತಿಯಲ್ಲೂ ಓಪನ್ ಆರ್ಮ್ಸ್ ಎಂಬ ಕ್ಲಿನಿಕ್ ಕಟ್ಟಿತು. ಲಿಂಡಾ ವಿಯರೋಸಾ 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಝೀನಿಗೆ ಬರೆದ ದೀರ್ಘ ವರದಿಯಲ್ಲಿ ಅಲ್ಲಿನ ಕಾರ್ಯಕರ್ತರ ದಿನಚರಿ ಕಾಣಸಿಗುತ್ತದೆ. ಕಾರು ಓಡಿಸಿಕೊಂಡು ಹೋಗಿ ಹಾಸಿಗೆ ಹಿಡಿದ ಹುಡುಗನಿಗೆ ಔಷಧಿ, ಊಟ, ಮಾತು ತಲುಪಿಸುವ ಕೆಲಸ ಅದು. ಅದನ್ನು ಓದಿದ ಮೇಲೆ, ಪರೀಕ್ಷೆಗೆ ಪ್ರೋತ್ಸಾಹ ಎಂಬ ಸರ್ಕಾರಿ ಪದಪುಂಜದೊಳಗೆ ತಲೆಯ ಮೇಲಿನ ಸೂರು, ಬಸ್ಸಿನ ಚಾರ್ಜು, ಸಾವಿನ ಮನೆಯ ಓಡಾಟ ಎಲ್ಲವೂ ಅಡಗಿದೆ ಎಂಬುದು ಮನವರಿಕೆಯಾಗುತ್ತದೆ.

ಈಗ ಬಾಲ್ ಮತ್ತು ಬಾರುಗಳ ಜಾಗವನ್ನು ಬಹುಮಟ್ಟಿಗೆ ಫೋನು ತೆಗೆದುಕೊಂಡಿದೆ. 2012ರಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆಗೆ ಅನುಮತಿ ದೊರೆಯಿತು. 2023ರ ಮಾರ್ಚಿನಲ್ಲಿ ಆರಂಭವಾದ ‘ಟುಗೆದರ್ ಟೇಕ್ ಮಿ ಹೋಮ್’ ಕಾರ್ಯಕ್ರಮ ಕಿಟ್‌ಗಳನ್ನು ಉಚಿತವಾಗಿ ಅಂಚೆಯಲ್ಲಿ ಕಳಿಸತೊಡಗಿತು. ಗ್ರೈಂಡರ್‌ನಂಥ ಗೇ ಡೇಟಿಂಗ್ ಆ್ಯಪ್‌ಗಳಲ್ಲಿ ಅದರ ಪ್ರಚಾರ. ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಕಿಟ್‌ಗಳು ಹೋದವು. ಯಾವ ಜಾಲಕ್ಕೂ ಸೇರದೆ ಒಂಟಿಯಾಗಿರುವ ಯುವಕ, ಸ್ನೇಹಜಾಲದ ವಿಧಾನಕ್ಕೆ ಸಿಗದೆ ಹೋದವನು, ಇದರ ಕೈಗೆ ಸಿಕ್ಕಿದ್ದಾನೆ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಉತ್ತರ ನೋಡುವವನ ಪಕ್ಕದಲ್ಲಿ ಯಾರಿದ್ದಾರೆ ಎಂಬ ಚಿಂತೆ ಮಾತ್ರ ಉಳಿಯುತ್ತದೆ. ಕಿಟ್‌ನ ಜೊತೆ ಬರುವ ಸಹಾಯವಾಣಿ ಸಂಖ್ಯೆ ಒಳ್ಳೆಯದೇ. ಆದರೆ ಪರಿಚಯದ ಕಾರ್ಯಕರ್ತನ ಸ್ವಂತ ನಂಬರಿಗೂ ಅದಕ್ಕೂ ವ್ಯತ್ಯಾಸವಿದೆ.

ನಮ್ಮ ಕಡೆಯವರು ಈ ಚರಿತ್ರೆಯನ್ನು ದೂರದ ದೇಶದ ಕತೆ ಎಂದು ಓದಿಬಿಡುವಂತಿಲ್ಲ. 2001ರ ಜುಲೈನಲ್ಲಿ ಲಖನೌದಲ್ಲಿ ಇದೇ ಕೆಲಸ ಮಾಡುತ್ತಿದ್ದ ನಾಲ್ವರು ಕಾರ್ಯಕರ್ತರನ್ನು ಪೊಲೀಸರು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನಡಿ ಹಿಡಿದು, ನಲವತ್ತಕ್ಕೂ ಹೆಚ್ಚು ದಿನ ಜೈಲಿನಲ್ಲಿಟ್ಟರು. ಕಾಂಡೋಮ್ ಮತ್ತು ಮಾಹಿತಿಯ ಹಾಳೆಗಳೇ ಅಲ್ಲಿ ಸಾಕ್ಷ್ಯ. ಆ ಕಲಮಿನ ಬಿಗಿಹಿಡಿತ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ಶಾಶ್ವತವಾಗಿ ಸಡಿಲವಾಗಲಿಲ್ಲ. ಅದೇ ತಿಂಗಳು ಜಾರಿಗೆ ಬಂದ ಎಚ್‌ಐವಿ ಕಾಯ್ದೆ, ಒಪ್ಪಿಗೆಯಿಲ್ಲದೆ ಪರೀಕ್ಷೆ ಕೂಡದು, ಗುಟ್ಟು ಬಯಲು ಮಾಡಕೂಡದು ಎಂದು ವಿಧಿಸಿತು. ಬೆಂಗಳೂರಿನ ಸಂಗಮ, ಮೈಸೂರಿನ ಆಶೋದಯದಂಥ ಸಂಘಟನೆಗಳಲ್ಲಿ ಸಮುದಾಯದವರೇ ಮುಂದೆ ನಿಂತು ತಮ್ಮವರನ್ನು ಆಪ್ತಸಮಾಲೋಚನಾ ಕೇಂದ್ರಗಳಿಗೆ ಕರೆದೊಯ್ದ ಅನುಭವ ಹಾರ್ಲೆಂನ ಹೌಸ್‌ಗಳ ಅನುಭವಕ್ಕೆ ಬಹಳ ಹತ್ತಿರದ್ದು.

ಅಮೆರಿಕದಲ್ಲಿ ಇಷ್ಟೆಲ್ಲ ದುಡಿಮೆಯ ಫಲ ಕಣ್ಣಿಗೆ ಕಾಣತೊಡಗಿತ್ತು. ಸಿಡಿಸಿಯ ಅಂದಾಜಿನಂತೆ 13ರಿಂದ 24 ವರ್ಷದವರಲ್ಲಿ ಹೊಸ ಸೋಂಕು 2018ರಿಂದ 2022ರ ನಡುವೆ ಸುಮಾರು ಶೇ 30 ಇಳಿಯಿತು. ಇಳಿಕೆಯ ಬಹುಪಾಲು ಗೇ ಯುವಕರಲ್ಲೇ. ಅದರ ಬೆನ್ನಿಗೇ ಅಸಮಾನತೆಯ ಲೆಕ್ಕವೂ ಇದೆ: ಪ್ರೆಪ್ ಬೇಕಾದವರಲ್ಲಿ ಅದು 2022ರಲ್ಲಿ ಸಿಕ್ಕಿದ್ದು ಬಹುತೇಕ ಎಲ್ಲ ಬಿಳಿಯರಿಗೆ, ಲ್ಯಾಟಿನೊಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ, ಕಪ್ಪು ಜನರಲ್ಲಿ ಎಂಟರಲ್ಲಿ ಒಬ್ಬರಿಗೆ. ಈ ಅಂತರ ಮುಚ್ಚಬೇಕಾದ ಹೊತ್ತಿಗೆ, 2025ರ ಏಪ್ರಿಲ್‌ನಲ್ಲಿ ಸಿಡಿಸಿಯ ಎಚ್‌ಐವಿ ತಡೆ ವಿಭಾಗದ ಹಲವು ಶಾಖೆಗಳ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಸಮುದಾಯ ಸಂಸ್ಥೆಗಳು ತಮ್ಮ ಅನುದಾನ ಉಳಿಯುತ್ತದೋ ಇಲ್ಲವೋ ಎಂದು ಕಾಯುವಂತಾಯಿತು.

ಅನುದಾನ ನಿಂತರೆ ಮೊದಲು ಮನೆಗೆ ಹೋಗುವವರು ಶನಿವಾರ ರಾತ್ರಿ ವ್ಯಾನಿನಲ್ಲಿ ಕೂರುವ ಕಡಿಮೆ ಸಂಬಳದ ಕಾರ್ಯಕರ್ತರು. ಯಾವ ಹೌಸ್‌ನ ಅಮ್ಮನೊಡನೆ ಹೇಗೆ ಮಾತಾಡಬೇಕು, ಯಾವ ಹುಡುಗ ಮೂರು ತಿಂಗಳಿಂದ ಔಷಧಿಗೆ ಬಂದಿಲ್ಲ ಎಂಬುದೆಲ್ಲ ಅವರಿಗೆ ಗೊತ್ತು. ಮತ್ತೆ ಹಣ ಬಂದಾಗ ಹೊಸಬರನ್ನು ನೇಮಿಸಬಹುದು; ಆ ಹೊಸಬರು ಮತ್ತೆ ಮೊದಲ ಪರಿಚಯದಿಂದ ಶುರುಮಾಡಬೇಕು, ಅಷ್ಟರಲ್ಲಿ ಹೊಸ ಸೋಂಕುಗಳು ಪತ್ತೆಯಾಗದೆ ಉಳಿದಿರುತ್ತವೆ. ಕಿಟ್, ವ್ಯಾನು, ಭಿತ್ತಿಪತ್ರಗಳ ಲೆಕ್ಕ ಕೇಳುವ ಅನುದಾನದ ನಮೂನೆಗಳು ಈ ಕಾರ್ಯಕರ್ತರ ಸಂಬಳವನ್ನು ವರ್ಷದಿಂದ ವರ್ಷಕ್ಕೆ ನವೀಕರಿಸುವ ಬಾಬತ್ತಾಗಿ ಇಡದೆ, ಹಲವು ವರ್ಷಗಳಿಗೆ ಖಾತರಿ ಮಾಡಿ ಬರೆಯಬೇಕು. ಕ್ಲಿನಿಕ್ಕಿನ ವೈದ್ಯರಿಗೆ ಸಿಗುವ ಆ ಭದ್ರತೆ ರೋಗಿಯನ್ನು ವೈದ್ಯರ ಬಾಗಿಲಿಗೆ ಕರೆತರುವವರಿಗೂ ಸಿಗಬೇಕು.